ಕಪ್ಪು ಮೂಲೆಯ ಕಾರ್ಡು

ಇವತ್ತು ಮೊಮ್ಮಗಳು ಒಂದು ಕಾಗದ ತಂದು, "ದೋಣಿ ಮಾಡ್ಕೊಡಜ್ಜಿ" ಅಂದಳು. ನನ್ನ ಕೈ ಹಿಂಜರಿಯಿತು.

ಬೆಸಗರಹಳ್ಳಿಯಲ್ಲಿ ಚಿಕ್ಕವಳಿದ್ದಾಗಿನ ಮಾತು. ನನಗಾಗ ಆರು ವರ್ಷ, ಓದು ಬಾರದು. ಸೂರಿಗೆ ಸಿಕ್ಕಿಸಿದ್ದ ಅಂಚೆ ಕಾರ್ಡೊಂದು ಕಂಡಿತು. ದಪ್ಪ ಕಾರ್ಡು ಬೇಗ ನೆನೆಯುವುದಿಲ್ಲವೆಂದು ಅದರಲ್ಲೇ ತಮ್ಮನಿಗೆ ದೋಣಿ ಮಡಚಿದೆ. ಒಂದು ಮೂಲೆಗೆ ಕಪ್ಪು ಮಸಿ ಬಳಿದಿತ್ತು. ಅದನ್ನೇ ದೋಣಿಯ ಮೂತಿ ಮಾಡಿದೆ. ನಾಲೆಗೆ ಬಿಟ್ಟೆವು. ತೂಬಿನೊಳಗೆ ನುಗ್ಗಿ ಹೋಯಿತು.

ಕಪ್ಪು ಮೂಲೆಯೆಂದರೆ ಸಾವಿನ ಸುದ್ದಿ. ಅಂಥ ಕಾಗದವನ್ನು ಮನೆಯೊಳಗೆ ತರುವುದಿಲ್ಲ. ಅಪ್ಪ ಬಂದು ಓದಲೆಂದು ಅಜ್ಜಿ ಹೊರಗೇ ಸಿಕ್ಕಿಸಿದ್ದಳು. ಅವ್ವನ ತವರು ಮಳವಳ್ಳಿಯಿಂದ ಬಂದದ್ದೆಂದಷ್ಟೇ ಅಂಚೆಯವನು ಹೇಳಿ ಹೋಗಿದ್ದ.

ಸಂಜೆ ಅಪ್ಪ ನಾಲೆಯುದ್ದಕ್ಕೂ ಹುಡುಕಿ ಬರಿಗೈಯಲ್ಲಿ ಬಂದ. ಅವ್ವ ನನಗೆ ಹೊಡೆಯಲಿಲ್ಲ.

"ನಮ್ಮವ್ವನೋ, ನಮ್ಮಪ್ಪನೋ? ಯಾರ್‌ಗಂತ ಅಳ್ಲಿ ಕಣತ್ತೆ?" ಅಂದಳು.

"ಬೆಳಗ್ಗೆ ಮೊದ್ಲ್ ಬಸ್ಸಿಗೆ ಓಗ್ಬುಡು ಕಣಮ್ಮ," ಅಂದಳು ಅಜ್ಜಿ.

ತೀರಿಹೋಗಿದ್ದವನು ಅವ್ವನ ಅಪ್ಪ ಎಂದು ಮರುದಿನ ಗೊತ್ತಾಯಿತು. ಆ ಸಂಜೆ ಜಗಲಿಯಲ್ಲಿ ಕೂತು ಅವ್ವ ಮಾತ್ರ ಇಬ್ಬರ ಹೆಸರೂ ಹಿಡಿದು ಅತ್ತಿದ್ದಳು.

ಮೊಮ್ಮಗಳು ತಂದದ್ದು ಸೀರೆ ಅಂಗಡಿಯ ಕರಪತ್ರ. ಎರಡೂ ಮಗ್ಗುಲು ಕೊನೆಯ ಸಾಲಿನವರೆಗೆ ಓದಿ, ಆಮೇಲೆ ಮಡಚಿದೆ.