ಕೈಂಡ್ಲಿ ಇಲ್ಲದ ಅರ್ಜಿ

ನನ್ನ ಫೋನಿಗೆ ನನಗಿಂತ ವಿನಯ ಜಾಸ್ತಿ. ಭಟ್ಕಳದ ಕಚೇರಿಯಲ್ಲಿ ಕೂತು, ಫೈಲು ಕಳಿಸಿ ಎಂದು ಯಾರಿಗೋ ಇಂಗ್ಲಿಷಿನಲ್ಲಿ ಒತ್ತಲು ಹೊರಟರೆ ಅದು ಎಲ್ಲಿಂದಲೋ ಒಂದು 'ಕೈಂಡ್ಲಿ' ತಂದು ಮುಂದಿಡುತ್ತದೆ. ಮೊನ್ನೆಯೂ ಹಾಗೇ ಆಯಿತು. ಅಳಿಸಿದೆ, ಮತ್ತೆ ಬಂತು. ಆಗ ನೆನಪಾದವರು ಟೈಪ್ ಮಾಮ. ಅವರ ಬಗ್ಗೆ ಹೇಳುತ್ತೇನೆ, ಆದರೆ ನನ್ನ ನೆನಪನ್ನು ಪೂರ್ತಿ ನಂಬಬೇಡಿ. ಅದಕ್ಕೆ ನನ್ನನ್ನು ಹೊಗಳುವ ಚಟವಿದೆ.

ಮಾಮ ಕುಮಟಾದ ಸರಕಾರಿ ಕಚೇರಿಯೊಂದರ ಎದುರು ಟೈಪ್‌ರೈಟರ್ ಇಟ್ಟುಕೊಂಡು ಜನರ ಅರ್ಜಿ ಬರೆದುಕೊಡುತ್ತಿದ್ದರು. ವಿಷಯ ಎರಡು ಸಾಲು. ಉಳಿದದ್ದೆಲ್ಲ ಕೈಂಡ್ಲಿ, ಹಂಬ್ಲಿ, ಅರ್ಜೆಂಟ್ಲಿ. ಗಿರಾಕಿಗಳಿಗೂ ಬೇಕಾದದ್ದು ಅದೇ. ಮಾವಳ್ಳಿಯಿಂದ ಬಂದಿದ್ದ ಒಬ್ಬಾತ ಟೈಪಾದ ಹಾಳೆಯನ್ನು ತಲೆಕೆಳಗಾಗಿ ಹಿಡಿದು ಪರೀಕ್ಷಿಸಿ, "ಬದಿಮನೆಯವ್ನ ಅರ್ಜೀಲಿ ಮೂರು ಕೈಂಡ್ಲಿ ಹಾಕಿದ್ರಿ, ನಂಗೆ ಎರಡೇ ಎಂತಕ್ಕೆ?" ಎಂದು ಜಗಳ ತೆಗೆದಿದ್ದ. ಮಾಮ ಹಾಳೆಯನ್ನು ಮತ್ತೆ ಮಷೀನಿಗೆ ಸಿಕ್ಕಿಸಿ ಇನ್ನೊಂದನ್ನು ಕುಟ್ಟಿಕೊಟ್ಟರು.

ಅರ್ಥ ಕೇಳಿದರೆ ಅವರದು ಬೇರೆಯದೇ ನಿಘಂಟು. ಕೈಂಡ್ಲಿ ಎಂದರೆ ಸಾಹೇಬರ ಕುರ್ಚಿಗೆ ಹಾಸುವ ಟವೆಲ್. ಹಂಬ್ಲಿ ಎಂದರೆ ಸೊಂಟನೋವು ಬರುವಷ್ಟು ಬಗ್ಗುವುದು. ಇಮಿಡಿಯೆಟ್ಲಿ ಬರೆದವನ ಅವಸರ; ಓದುವವನಿಗೂ ಅದಕ್ಕೂ ಸಂಬಂಧವಿಲ್ಲ. ಅತ್ತಲಿಂದ ಬರುವ ಉತ್ತರದಲ್ಲಿ ಶಾರ್ಟ್ಲಿ ಎಂದಿದ್ದರೆ, ಈ ಸಾಹೇಬರಿಗೆ ವರ್ಗವಾಗುವ ತನಕ ಎಂದು ತಿಳಿಯಬೇಕು. ಡ್ಯೂಲಿ ಎಂದಿದ್ದರೆ ಅರ್ಜಿಯನ್ನು ಮರೆತು ಮನೆಗೆ ಹೋಗಿ ಊಟ ಮಾಡಬೇಕು. ಇಂಗ್ಲಿಷ್ ಕಲಿಸಿದ ಮೇಷ್ಟ್ರು ಯಾರೂ ಇಷ್ಟು ಸತ್ಯ ಹೇಳಿರಲಿಲ್ಲ.

ನಾನು ಬಿಎಸ್ಸಿ ಎರಡನೇ ವರ್ಷದಲ್ಲಿದ್ದಾಗ, ಕುಮಟಾದಿಂದ ನಮ್ಮೂರು ಬಾಡಕ್ಕೆ ಹೋಗುವ ಸಂಜೆ ಬಸ್ಸು ನಿಂತುಹೋಯಿತು. ಅದಕ್ಕೂ ಮುಂಚಿನ ಬಸ್ಸು ಹೊರಡುವಾಗ ನಮ್ಮ ಪ್ರಾಕ್ಟಿಕಲ್ ಅರ್ಧಕ್ಕೂ ಬಂದಿರುತ್ತಿರಲಿಲ್ಲ. ಅಪ್ಪನದು ಒಂದೇ ಮಾತು: "ಬಸ್ಸಿಲ್ಲ ಅಂದ್ರೆ ಕಾಲೇಜೂ ಇಲ್ಲ. ಈ ತಿಂಗ್ಳು ನೋಡ್ವ, ಆಮೇಲೆ ಮನೇಲಿರು."

ನಾನೂ ಗೆಳತಿ ಶೈಲಾಳೂ ಮಾಮನ ಹತ್ತಿರ ಹೋದೆವು. ಶೈಲಾಳ ಅಪ್ಪ ಆ ಬಸ್ಸು ಬಿಡುವ ಡಿಪೋದಲ್ಲೇ ಕಂಡಕ್ಟರ್. ಆದರೆ ಡಿಪೋ ಸಾಹೇಬರ ಎದುರು ಅವರಿಗೆ ಬಾಯಿಲ್ಲ. ನಾನು ಹೇಳಿದ ಒಕ್ಕಣೆ ಇಷ್ಟೇ: ಸಂಜೆ ಬಸ್ಸು ನಿಲ್ಲಿಸಿದ್ದೀರಿ. ಹುಡುಗಿಯರು ಕಾಲೇಜು ಬಿಡಬೇಕಾಗುತ್ತದೆ. ಬಸ್ಸು ಬಿಡಿ.

ಮಾಮನ ಬೆರಳು ನಿಂತಿತು. "ಎಂತದೇ ಇದು? ಅರ್ಜಿಯೋ, ದರೋಡೆಯೋ? ಮೈಮೇಲೆ ಬಟ್ಟೇನೇ ಇಲ್ಲ ಇದ್ಕೆ!"

"ಕೈಂಡ್ಲಿ ಬೇಡ ಮಾಮ."

"ಒಂದು ಹಂಬ್ಲಿ?"

"ಅದೂ ಬೇಡ."

"ಆತು. ನಿನ್ ಹಣೇಬರ."

ಹದಿನೈದು ದಿನದೊಳಗೆ ಬಸ್ಸು ಬಂತು. ನಾನು ಕಾಲೇಜು ಮುಗಿಸಿದೆ. ಅಂದಿನಿಂದ ಈ ಕತೆಯನ್ನು ಮದುವೆಮನೆಗಳಲ್ಲಿ, ಕಚೇರಿಯಲ್ಲಿ, ರೈಲಿನಲ್ಲಿ ಸಿಕ್ಕ ಅಪರಿಚಿತರಿಗೂ ಹೇಳುತ್ತ ಬಂದಿದ್ದೇನೆ. ಪ್ರತಿಸಲವೂ ನನ್ನ ದನಿ ತುಸು ಏರುತ್ತದೆ. ನಾಳೆ ಕಾಲೇಜಿನ ಹಳೆ ವಿದ್ಯಾರ್ಥಿಗಳ ಸಭೆಯಲ್ಲಿ ನನ್ನ ಭಾಷಣವೂ ಅದೇ. ನಿನ್ನೆ ಅದನ್ನು ಹೊನ್ನಾವರದಲ್ಲಿರುವ ಶೈಲಾಳಿಗೆ ಫೋನಿನಲ್ಲಿ ಓದಿ ಹೇಳಿದೆ. ಅವಳು ನಗತೊಡಗಿದಳು.

"ನಿನ್ ಅರ್ಜೀನ ಸಾಹೇಬ ಹರಿದು ಬಿಸಾಡಿದ್ದ ಮಾರಾಯ್ತಿ. ಮಾಮ ಹೋಗಿ ಮೂರು ದಿವ್ಸ ಅವ್ನ ಎದುರಿಗೆ ಕೂತ್ಕಂಡಿದ್ರು. ಅಪ್ಪ ಕಣ್ಣಾರೆ ಕಂಡದ್ದು."

"ಇಷ್ಟು ವರ್ಷ ಎಂತಕ್ಕೆ ಹೇಳ್ಲಿಲ್ಲ?"

"ಹೇಳೂದು ಬೇಡ ಅಂದಿದ್ರು ಮಾಮ. ಗೆದ್ದೆ ಅಂದ್ಕಂಡಾದ್ರೂ ಓದ್ಲಿ ಅಂತ."

ಈ ಕತೆ ನನ್ನ ಕತೆಗಿಂತ ಚೆಂದವಿತ್ತು. ಅದಕ್ಕೇ ಅನುಮಾನ ಬಂತು. ಆದರೂ ರಾತ್ರೋರಾತ್ರಿ ಭಾಷಣ ತಿದ್ದಿ ಮಾಮನನ್ನು ನಾಯಕರನ್ನಾಗಿ ಮಾಡಿ, ಇಂದು ರಜೆ ಹಾಕಿ ಬಾಡಕ್ಕೆ ಹೋದೆ. ಮಾಮ ಮಗನ ಮನೆಯ ಜಗಲಿಯಲ್ಲಿ ಕೂತಿದ್ದರು. ಕಿವಿ ಹೋಗಿದೆ, ಕಣ್ಣು ಗಟ್ಟಿ. ಹಾಳೆ ಕೊಟ್ಟೆ. ಪೂರ್ತಿ ಓದಿದರು, ಪೆನ್ನಿಗೆ ಕೈಚಾಚಿದರು, ತಮ್ಮ ಪ್ಯಾರಾದ ಮೇಲೆ ಉದ್ದಕ್ಕೆ ಗೀಟು ಎಳೆದರು.

"ಮೂರು ದಿವ್ಸ ಯಾರು ಕೂತಿದ್ರು? ಒಂದು ದಿವ್ಸ ಹೋಗಿದ್ದೆ. ಅದೂ ಅಲ್ಲಿ ಚಾ ಚಲೋ ಇತ್ತು ಅಂತ."

'ಹಾಗಾದರೆ ಬಸ್ಸು ಯಾಕೆ ಬಂತು?' ಎಂದು ಅಂಚಿನಲ್ಲಿ ಬರೆದು ತೋರಿಸಿದೆ.

"ನಂಗೆಂತ ಗೊತ್ತು! ಬಂತಲ? ನೀ ಹತ್ತಿದ್ಯಲ? ಕಡೆಗೆ ಕ್ಲಾಸ್ ಯಾವ್ದು ಬಂತು?"

'ಸೆಕೆಂಡ್' ಎಂದು ಬರೆದೆ, ಅಕ್ಷರ ಆದಷ್ಟು ಸಣ್ಣದು ಮಾಡಿ.

"ಅಯ್ಯೋ, ಸೆಕೆಂಡ್ ಕ್ಲಾಸಿಗೆ ಅಷ್ಟು ದೊಡ್ಡ ಬಸ್ಸು ಬೇಕಾಗಿತ್ತನೇ!"

ಒಳಗೆ ಅವರ ಸೊಸೆ ನಕ್ಕದ್ದು ಕೇಳಿಸಿತು. ಈಗ ಹಾಳೆಯಲ್ಲಿ ಮಾಮನ ಕತೆಯೂ ಇಲ್ಲ, ನನ್ನದನ್ನಂತೂ ನಾನೇ ಹೊಡೆದುಹಾಕಿದ್ದೆ. ನಾಳೆ ಎದ್ದು ನಿಂತು, ಬಸ್ಸು ಬಂತು, ಹತ್ತಿದೆ ಎಂದಷ್ಟೇ ಹೇಳಿ ಕೂರುವವಳಿದ್ದೇನೆ. ಕ್ಲಾಸು ಯಾವುದೆಂದು ಅಲ್ಲಿ ಯಾರೂ ಕೇಳದಿದ್ದರೆ ಸಾಕು.