ಗಾಲ್‌ಪೊಗೆ ಬಂದ ತಂತಿ ಕಂಪನಿ

ದೇವರೇ ಎದುರು ಬಂದು ವರ ಕೊಡ್ತೀನಿ ಅಂದರೂ, "ಯಾಕೆ, ನಿನಗೇನು ಬೇಕು?" ಅಂತ ಕೇಳುವವಳು ತಾಕ್ ಮಾಲ್ಸುನ್ ಎಂದು ದೊಲ್ಮೆ ಊರಿನ ಹೆಂಗಸರು ಆಡಿಕೊಳ್ಳುತ್ತಿದ್ದರು. ಸುಳ್ಳಲ್ಲ. ಬಸ್ ನಿಲ್ದಾಣದ ಎದುರು ಅವಳದೊಂದು ಪುಟ್ಟ ಅಂಗಡಿ. ಚಿಪ್ಪುಮೀನಿನ ಸಾರಿನಲ್ಲಿ ಶಾವಿಗೆ ಬೇಯಿಸಿ ಕೊಡುತ್ತಿದ್ದಳು. ಚಿಪ್ಪು ಮಾರುವವನು ಎರಡು ಹಿಡಿ ಹೆಚ್ಚಿಗೆ ಸುರಿದರೆ ಅವಳು ಖುಷಿಪಡುವ ಬದಲು ಬುಟ್ಟಿಯ ತಳದವರೆಗೂ ಕೈಯಾಡಿಸಿ, ಸತ್ತವು ಎಷ್ಟು ಸೇರಿಸಿದ್ದಾನೆ ಎಂದು ನೋಡುವಳು. ದೋಣಿ ಮುಳುಗಿ ಗಂಡ ತೀರಿಕೊಂಡಾಗ ವಿಮೆಯವರು ನಗುನಗುತ್ತ ಬಂದು, ನಗುನಗುತ್ತಲೇ ಕೈ ಕೊಡವಿಕೊಂಡು ಹೋಗಿದ್ದರು. ಅಂದಿನಿಂದ ಅಂಟಿದ ಬುದ್ಧಿ. ಊರವರು ಅವಳನ್ನೇ ಮುಖಂಡೆಯಾಗಿ ಆರಿಸಿದ್ದೂ ಅದಕ್ಕೇ. ಮೋಸ ಹೋಗದವಳು ಊರಿಗೊಬ್ಬಳಾದರೂ ಇರಲಿ ಎಂದು.

ಬಯಲಲ್ಲಿ ಮೆಣಸಿನಕಾಯಿ ಕೆಂಪಗೆ ಹರಡಿಕೊಂಡಿದ್ದ ದಿನಗಳಲ್ಲಿ ಗಾಲ್‌ಪೊ ಜಿಲ್ಲೆಯ ಮುಖ್ಯಸ್ಥರು ಊರಿಗೆ ಬಂದರು. ಜೊತೆಗೆ ಕೈಗಾರಿಕೆ ವಿಭಾಗದ ಅಧಿಕಾರಿ ಸೊಕ್. ಊರಮನೆಯ ಬೆಚ್ಚನೆ ನೆಲದ ಮೇಲೆ ಹೂವಿನ ಚಿತ್ರದ ಎಲೆಗಳಲ್ಲಿ ಇಸ್ಪೀಟು ಆಡುತ್ತಿದ್ದ ಮುದುಕಿಯರ ನಡುವೆ ಕಾಲು ಮಡಚಿ ಕೂತು ಸೊಕ್ ಹೇಳಿದ: "ದೊಡ್ಡ ಕಂಪನಿ ಬರ್ತಿದೆ ಅಜ್ಜಿ. ಕಾರಿನೊಳಗಿನ ತಂತಿ ಹೆಣೆಯೋ ಕಾರ್ಖಾನೆ. ಹೆಂಗಸರಿಗೇ ಜಾಸ್ತಿ ಕೆಲಸ. ನಾವು ಜಾಗ ಕೊಡ್ತೀವಿ, ತೆರಿಗೆ ಬಿಡ್ತೀವಿ, ಕೆಲಸಕ್ಕೆ ತಗೊಂಡೋರ ಸಂಬಳದಲ್ಲೂ ಒಂದು ಪಾಲು ಕೊಡ್ತೀವಿ. ನೀವು ಆ ಮೆಣಸಿನಕಾಯಿ ಒಣಗಿಸೋ ಊರ ಬಯಲನ್ನ ಜಿಲ್ಲೆಗೆ ಮಾರಿದ್ರೆ ಸಾಕು."

"ಜಾಗಾನೂ ನಮ್ದು, ಸಂಬಳಾನೂ ನಮ್ದು," ಎಂದಳು ಬುನ್ರೆ ಅಜ್ಜಿ, ಎಲೆ ಎಸೆಯುತ್ತ. "ಅವನೇನಪ್ಪಾ ತರೋದು, ಬೋರ್ಡಾ?"

ಎಲ್ಲರೂ ನಕ್ಕರು. ಮಾಲ್ಸುನ್ ನಗಲಿಲ್ಲ.

"ಈ ಕಂಪನಿ ಈಗ ಎಲ್ಲಿದೆ?"

"ಬೇರೆ ಕಡೆ ಇದೆ."

"ಬೇರೆ ಕಡೆ ಅಂದ್ರೆ? ಆಕಾಶದಲ್ಲಾ?"

ಸೊಕ್ ಮುಖ್ಯಸ್ಥರ ಮುಖ ನೋಡಿ, ತಲೆ ತಗ್ಗಿಸಿ ಹೇಳಿದ: "ಮುಕ್‌ಚೊನ್‌ನಲ್ಲಿ."

ಮಾಲ್ಸುನ್ ತಲೆ ಎತ್ತಿದಳು. ಮುಕ್‌ಚೊನ್ ಅವಳ ತವರು. ಅಕ್ಕ ಅಲ್ಲೇ ಇದ್ದಳು. ಅಕ್ಕನ ಗಂಡ ಹಾ ಸಾಂಗ್ಡೊ ಅದೇ ತಂತಿ ಕಂಪನಿಯಲ್ಲಿ ಮೇಸ್ತ್ರಿ. ಅಕ್ಕನೂ ಬೆರಳು ಸವೆಯುವವರೆಗೆ ಅಲ್ಲೇ ತಂತಿ ಹೆಣೆದವಳು.

ಸಂಜೆಯೊಳಗೆ ಅಕ್ಕನೇ ಫೋನು ಮಾಡಿದಳು. "ನಿಮ್ಮ ಜಿಲ್ಲೆಯೋರು ನಮ್ಮ ಒಲೆ ಮೇಲಿನ ಪಾತ್ರೆ ಎತ್ಕೊಂಡು ಹೋಗ್ತಿದ್ದಾರಂತೆ. ನಿನಗೆ ಗೊತ್ತಿತ್ತಾ?"

"ಇವತ್ತು ಗೊತ್ತಾಯ್ತು ಅಕ್ಕಾ."

"ನಮ್ಮೋರೂ ಹಿಂಗೇ ಕುಣಿದಿದ್ರು. ಜಾಗ ಕೊಟ್ರು, ರಸ್ತೆ ಹಾಕಿಸಿದ್ರು, ರಿಬ್ಬನ್ ಕತ್ತರಿಸೋವಾಗ ನಾನೂ ಚಪ್ಪಾಳೆ ತಟ್ಟಿದ್ದೆ. ಈಗ ನಿಮ್ಮ ಸರದಿ. ತಟ್ಟು!" ಎಂದು ಇಟ್ಟುಬಿಟ್ಟಳು.

ಊರವರ ಮನಸ್ಸು ಒಲಿಸಲು ಜಿಲ್ಲೆಯವರು ಎಲ್ಲರನ್ನೂ ಬಸ್ಸಿನಲ್ಲಿ ಕೂರಿಸಿ ಮುಕ್‌ಚೊನ್‌ನ ಕಾರ್ಖಾನೆ ತೋರಿಸಿಕೊಂಡು ಬಂದರು. ಒಳಗೆ ಎಲ್ಲ ಫಳಫಳ. ಹೊರಡುವಾಗ ಒಬ್ಬೊಬ್ಬರಿಗೂ ಟವೆಲ್ಲು. ವಾಪಸು ಬರುವಾಗ ಮುದುಕಿಯರು ಸಂತೆಬೀದಿಯಲ್ಲಿ ಬಸ್ಸು ನಿಲ್ಲಿಸಿ ಅಕ್ಕಿಕಡುಬು ಕೊಳ್ಳಲು ಇಳಿದರು. ಕಡುಬಿನವಳು ಕಟ್ಟಿಕೊಡುತ್ತ, "ಯಾವೂರಮ್ಮ?" ಎಂದಳು. ಬುನ್ರೆ ಅಜ್ಜಿ "ಗಾಲ್‌ಪೊ" ಅಂದದ್ದೇ ತಡ, ಕಟ್ಟಿದ ಪೊಟ್ಟಣ ಬಿಚ್ಚಿ ಕಡುಬನ್ನು ತಟ್ಟೆಗೆ ವಾಪಸು ಹಾಕಿಕೊಂಡಳು. ಬೈಯಲಿಲ್ಲ. ಮುಖ ಎತ್ತಲೂ ಇಲ್ಲ. ದಾರಿಯುದ್ದಕ್ಕೂ ಬಸ್ಸಿನಲ್ಲಿ ಯಾರೂ ಹಾಡಲಿಲ್ಲ.

ಆದರೂ ಊರಿಗೆ ಕಂಪನಿ ಬೇಕಿತ್ತು. ಶಾಲೆ ಮುಚ್ಚಿತ್ತು, ಸೊಸೆಯರು ಪಟ್ಟಣ ಸೇರಿದ್ದರು. ಮಾಲ್ಸುನ್ ಊರಸಭೆಯಲ್ಲಿ ಎದ್ದು ಒಂದೇ ಮಾತು ಹೇಳಿದಳು: "ಬಯಲು ಮಾರೋದು ಬೇಡ. ಗುತ್ತಿಗೆಗೆ ಕೊಡೋಣ. ಅವರು ಇರೋವರೆಗೆ ಅವರದು, ಹೋದ ದಿನ ನಮ್ದು."

ಸೊಕ್ ತಲೆ ಚಚ್ಚಿಕೊಂಡ. "ಅಮ್ಮಾ, ಪಕ್ಕದ ಜಿಲ್ಲೆಯೋರು ಬಾಯಿ ಬಿಟ್ಕೊಂಡು ಕಾಯ್ತಿದ್ದಾರೆ. ಹಿಂಗೆಲ್ಲ ಷರತ್ತು ಹಾಕಿದ್ರೆ ಕಂಪನಿ ಅಲ್ಲಿಗೆ ಹೋಗುತ್ತೆ!"

"ಮಗಳನ್ನ ಕೊಡ್ತೀವಿ ಅಂದ್ಮೇಲೂ ಮನೆ ಬರೆದುಕೊಡಿ ಅನ್ನೋ ಅಳಿಯ ಹೋದ್ರೆ ಹೋಗ್ಲಿ ಬಿಡು," ಎಂದಳು ಬುನ್ರೆ ಅಜ್ಜಿ. ಕಡುಬಿನ ಸಿಟ್ಟು ಅವಳಿಗಿನ್ನೂ ಇಳಿದಿರಲಿಲ್ಲ.

ಜಿಲ್ಲೆಯವರು ಹೆದರುತ್ತಲೇ ಷರತ್ತನ್ನು ಕಂಪನಿಗೆ ಮುಟ್ಟಿಸಿದರು. ಮಾರನೆಯ ದಿನವೇ ಒಪ್ಪಿಗೆ ಬಂತು. ಒಂದು ಅಕ್ಷರವೂ ತಿದ್ದಿರಲಿಲ್ಲ. ಊರೆಲ್ಲ ಮಾಲ್ಸುನ್‌ಳ ಬೆನ್ನು ತಟ್ಟಿತು. ಅವಳಿಗೆ ಮಾತ್ರ ಸಮಾಧಾನವಾಗಲಿಲ್ಲ. ಚೌಕಾಸಿ ಮಾಡದೆ ಕೊಳ್ಳುವವನನ್ನು ಅವಳು ಸಂತೆಯಲ್ಲಿ ಕಂಡಿರಲಿಲ್ಲ. ಬೇರು ಬಿಡುವ ಮನಸ್ಸಿದ್ದವನು ಮಣ್ಣಿಗಾಗಿ ಜಗಳವಾಡಬೇಕಿತ್ತು.

ಕಾರ್ಖಾನೆ ಎದ್ದಿತು. ಕಂಪನಿಯ ಜೊತೆ ಭಾವನೂ ಬಂದು ಮಾಲ್ಸುನ್‌ಳ ಮನೆಯಲ್ಲೇ ಉಳಿದ. ರಜೆಗೆ ಮಾತ್ರ ಮುಕ್‌ಚೊನ್‌ಗೆ ಹೋಗಿಬರುವನು. ಅಕ್ಕ ಗಂಡನನ್ನು ಕಳಿಸಿದಳೇ ಹೊರತು ತಾನು ತಂಗಿಯ ಹೊಸ್ತಿಲು ತುಳಿಯಲಿಲ್ಲ. ಹಬ್ಬಕ್ಕೆ ಕರೆದರೆ, "ನಿಮ್ಮೂರ ಗಾಳಿ ನನಗೆ ಆಗಲ್ಲ," ಎನ್ನುವಳು.

ಅಂಗಡಿಯಲ್ಲಿ ಈಗ ಮಧ್ಯಾಹ್ನ ಕೂರಲು ಜಾಗವಿಲ್ಲ. ಮಾಲ್ಸುನ್ ಹೊಸ ಹಂಡೆ ಕೊಂಡಳು, ಸಹಾಯಕ್ಕೆ ಒಬ್ಬಳನ್ನು ಇಟ್ಟುಕೊಂಡಳು. ಅನುಮಾನ ಮಾತ್ರ ಕರಗಲಿಲ್ಲ. ಗೇಟಿನಿಂದ ದೊಡ್ಡ ಲಾರಿ ಹೊರಟರೆ ಸೌಟು ಹಿಡಿದೇ ಬಾಗಿಲಿಗೆ ಬಂದು ನಿಂತು, ಒಳಗೇನಿದೆ ಎಂದು ಇಣುಕುವಳು. ಊಟಕ್ಕೆ ಕೂತ ಭಾವನನ್ನೂ ಬಿಡಳು.

"ಭಾವ, ಹೊಸ ಯಂತ್ರ ಬಂತಾ, ಹಳೇದು ಹೋಯ್ತಾ?"

"ಬಂತು."

"ನೆಲಕ್ಕೆ ಬಿಗಿದಿದ್ದೀರಾ, ಸುಮ್ನೆ ಇಟ್ಟಿದ್ದೀರಾ?"

ಸಾಂಗ್ಡೊ ಮಾತು ಕಮ್ಮಿಯ ಮನುಷ್ಯ. ಚಮಚ ಕೆಳಗಿಟ್ಟು, "ಮಾಲ್ಸುನ್, ಬಡಿಸೋದು ಅನ್ನವಾ, ಪೊಲೀಸ್ ವಿಚಾರಣೆಯಾ?" ಎನ್ನುವನು. ಆಮೇಲೆ ಉಪ್ಪಿನಲ್ಲಿ ಕಳಿತ ಮೂಲಂಗಿಯನ್ನು ಕಟಂ ಎಂದು ಕಡಿಯುವನು. ಇವನಿಗೆ ಏನೋ ಗೊತ್ತಿದೆ, ಹೇಳುತ್ತಿಲ್ಲ ಎಂದು ಮಾಲ್ಸುನ್‌ಗೆ ಆ ಕಟಕಟ ಸದ್ದಿನಲ್ಲೂ ಅನ್ನಿಸುವುದು.

ತೆರಿಗೆ ಬಿಟ್ಟಿದ್ದ ಅವಧಿ ಮುಗಿಯುತ್ತ ಬಂದಿತ್ತು. ಒಂದು ಮಧ್ಯಾಹ್ನ ಭಾವ ಮೂವರು ಅಪರಿಚಿತರನ್ನು ಅಂಗಡಿಗೆ ಕರೆತಂದ. ಒಳ್ಳೆಯ ಕೋಟು. ಕೋಟಿನ ಮೇಲೆ ದಕ್ಷಿಣದ ಯಾವುದೋ ಜಿಲ್ಲೆಯ ಬಿಲ್ಲೆ. ಜೊತೆಯಲ್ಲಿ ಕಂಪನಿಯ ಮ್ಯಾನೇಜರು. ಅವರು ಶಾವಿಗೆ ಬಟ್ಟಲುಗಳನ್ನು ಅತ್ತ ಸರಿಸಿ ಮೇಜಿನ ಮೇಲೆ ನಕ್ಷೆ ಹರಡಿದರು. "ಬೆಟ್ಟದ ಹಿಂದೆ ಬೇಕಾದಷ್ಟು ಜಾಗ ಇದೆ. ರಸ್ತೆ, ನೀರು, ಕರೆಂಟು ಎಲ್ಲಾ ನಮ್ಮದೇ. ನೀವು ಯಂತ್ರ ತಂದ್ರೆ ಸಾಕು," ಎಂದನೊಬ್ಬ, ಕಿವುಡರಿಗೂ ಕೇಳುವಂತೆ. ಹಂಡೆಯ ಹಿಂದೆ ನಿಂತಿದ್ದ ಮಾಲ್ಸುನ್‌ಳ ಕೈಯಲ್ಲಿ ಸೌಟು ಹಾಗೇ ನಿಂತಿತು.

ಅವರು ಹೋದ ಮೇಲೆ ಅವಳು ಭಾವನನ್ನು ಹಿತ್ತಲಿಗೆ ಎಳೆದೊಯ್ದಳು. "ಹೋಗ್ತಾರಾ?"

"ನಾನು ಮೇಸ್ತ್ರಿ. ನನ್ನ ಕೇಳಿ ಹೋಗ್ತಾರಾ, ಕೇಳಿ ಇರ್ತಾರಾ?"

"ಇಲ್ಲ ಅನ್ನಿ ಭಾವ. ಒಂದ್ಸಲ ಇಲ್ಲ ಅನ್ನಿ."

ಸಾಂಗ್ಡೊ ಇಲ್ಲ ಎನ್ನಲಿಲ್ಲ.

ಅಷ್ಟು ಸಾಕಾಯಿತು. ಅವಳು ನೇರ ಊರಮನೆಗೆ ಹೋಗಿ ಮೈಕು ಹಿಡಿದಳು. ಕಸದ ಗಾಡಿ ಬಂತು, ಸೊಳ್ಳೆ ಔಷಧಿ ಹೊಡೀತಾರೆ ಎಂದಷ್ಟೇ ಕೂಗುತ್ತಿದ್ದ ಕಂಬದ ಮೇಲಿನ ಸ್ಪೀಕರುಗಳು ಅಂದು, "ಕಂಪನಿ ಊರು ಬಿಡ್ತಿದೆ, ಕಂಪನಿ ಊರು ಬಿಡ್ತಿದೆ," ಎಂದು ಕಡಲಿನವರೆಗೆ ಕೂಗಿದವು. ಹೆಂಗಸರು ಸಮವಸ್ತ್ರದಲ್ಲೇ ಕಾರ್ಖಾನೆಯಿಂದ ಹೊರಬಂದರು. ಮರುದಿನ ಜಿಲ್ಲಾ ಕಚೇರಿಯ ಮೆಟ್ಟಿಲ ಮೇಲೆ ನಿಲ್ಲಲು ಜಾಗವಿರಲಿಲ್ಲ. ಚುನಾವಣೆ ಹತ್ತಿರವಿತ್ತು. ವಾರ ಕಳೆಯುವುದರೊಳಗೆ ಮುಖ್ಯಸ್ಥರು ಹೊಸ ನೆರವು ಘೋಷಿಸಿದರು: ತೆರಿಗೆ ಮತ್ತೆ ಮಾಫಿ, ಬಂದರಿನವರೆಗೆ ಕಂಪನಿಗೇ ಒಂದು ರಸ್ತೆ. ಕಂಪನಿ ಉಳಿಯಿತು. ಜನ ಮಾಲ್ಸುನ್‌ಳನ್ನು ಹೊತ್ತು ಮೆರೆಸುವುದೊಂದು ಬಾಕಿ.

ಬೆಳೆಹಬ್ಬಕ್ಕೆ ಕಂಪನಿಯಿಂದ ಅವಳ ಮನೆಗೆ ಉಡುಗೊರೆ ಬಂತು. ಎಲ್ಲರಿಗೂ ಬರುವ ಎಣ್ಣೆ ಡಬ್ಬಿಯಲ್ಲ. ಮರದ ಪೆಟ್ಟಿಗೆಯಲ್ಲಿ ಒಳ್ಳೆಯ ದನದ ಮಾಂಸ, ಮೇಲೆ ರೇಷ್ಮೆ ಬಟ್ಟೆ. ತಂದವನು ಹೇಳಿದ: "ಮ್ಯಾನೇಜರು ಹೇಳಿಕಳಿಸಿದ್ದಾರೆ, ನಿಮ್ಮ ಉಪಕಾರ ಮರೆಯಲ್ಲ ಅಂತ."

ಉಪಕಾರ? ಕಂಪನಿಯ ಮಾನ ಬೀದಿಗೆ ಎಳೆದವಳು ತಾನು. ಪೆಟ್ಟಿಗೆಯ ಮುಂದೆ ಕೂತು ಮಾಲ್ಸುನ್ ನಡೆದದ್ದನ್ನು ಒಂದೊಂದಾಗಿ ಜೋಡಿಸಿ ನೋಡಿದಳು. ಗುಟ್ಟಿನ ಮಾತಾಡುವವರು ಪಟ್ಟಣದ ಹೋಟೆಲು ಬಿಟ್ಟು ಬಸ್ ನಿಲ್ದಾಣದ ಶಾವಿಗೆ ಅಂಗಡಿಗೆ ಯಾಕೆ ಬರಬೇಕು? ಅದೂ ಊರ ಮುಖಂಡೆಯ ಅಂಗಡಿಗೆ, ಅದೂ ಅಷ್ಟು ಗಟ್ಟಿಯಾಗಿ?

"ಅವರನ್ನ ಇಲ್ಲಿಗೆ ಕರ್ಕೊಂಡು ಬನ್ನಿ ಅಂದಿದ್ದು ಯಾರು ಭಾವ?"

"ಮ್ಯಾನೇಜರು. ನಿನ್ನ ನಾದಿನಿ ಅಂಗಡೀಲಿ ಸಾರು ಚೆನ್ನಾಗಿರುತ್ತಂತಲ್ಲ ಅಂದ್ರು."

"ನಿಮಗೆ ಅನುಮಾನ ಬರ್ಲಿಲ್ವಾ?"

"ನಮ್ಮ ಮನೇಲಿ ಅದಕ್ಕೆ ಅಂತ ನೀನಿದ್ದೀಯಲ್ಲ," ಎಂದ ಸಾಂಗ್ಡೊ. ಹೇಳುವಾಗ ಅವನು ಅವಳ ಮುಖ ನೋಡಲಿಲ್ಲ. ಅವನಿಗೆ ಗೊತ್ತಿತ್ತೋ ಇಲ್ಲವೋ ಅವಳಿಗೆ ಇಂದಿಗೂ ತಿಳಿದಿಲ್ಲ.

ಆ ವರ್ಷವೇ ಭಾವ ನಿವೃತ್ತನಾಗಿ ಮುಕ್‌ಚೊನ್‌ಗೆ ಮರಳಿದ. ಚಳಿಗಾಲದ ಕಿಮ್ಚಿ ಹಾಕುವ ಹೊತ್ತಿಗೆ ಅಕ್ಕ ತಾನಾಗಿಯೇ ಕರೆದಳು. ಇಬ್ಬರೂ ಎಲೆಕೋಸಿನ ಎಸಳುಗಳ ನಡುವೆ ಖಾರ ಸವರುತ್ತ ಕೂತಾಗ ಮಾಲ್ಸುನ್ ನಡೆದದ್ದನ್ನೆಲ್ಲ ಹೇಳಿಕೊಂಡಳು. "ನನ್ನ ಅನುಮಾನಾನೇ ಅವರು ಬಾಡಿಗೆಗೆ ತಗೊಂಡ್ರು ಅಕ್ಕಾ. ಬಾಡಿಗೇನೂ ಕೊಡದೆ."

ಅಕ್ಕ ನಗಲಿಲ್ಲ. "ನಮ್ಮೂರಿಗೂ ಕೋಟಿನೋರು ಬಂದಿದ್ರು. ನಿಮ್ಮ ಸೊಕ್‌ನೇ ಬಂದಿದ್ದ. ನಮ್ಮ ಮುಖ್ಯಸ್ಥ, ಇದೆಲ್ಲಾ ನಾಟಕ, ಹೆದರಿಸೋಕೆ ಅಂತ ಸುಮ್ನಿದ್ದ. ಒಂದು ಬಿಡಿಗಾಸೂ ಕೊಡ್ಲಿಲ್ಲ. ಆ ಕಾರ್ಖಾನೆ ಶೆಡ್ಡಲ್ಲಿ ಈಗ ಈರುಳ್ಳಿ ತುಂಬಿಟ್ಟಿದ್ದಾರೆ."

"ಹಂಗಾದ್ರೆ ನಾನು ಕೂಗದೆ ಇದ್ದಿದ್ರೆ ಹೋಗ್ತಿದ್ರಾ?"

"ಅವರಿಗೇ ಗೊತ್ತಿತ್ತೋ ಇಲ್ವೋ. ಯಾರು ಜಾಸ್ತಿ ಕೊಡ್ತಾರೆ ನೋಡೋಣ ಅಂತ ಇದ್ರು, ಅಷ್ಟೇ," ಎಂದು ಅಕ್ಕ ಒಂದು ಎಸಳನ್ನು ಸುತ್ತಿ ತಂಗಿಯ ಬಾಯಿಗಿಟ್ಟಳು. ಕಂಪನಿ ಬಂದಾಗಿನಿಂದ ಅಕ್ಕನ ಕೈತುತ್ತು ಅವಳಿಗೆ ಸಿಕ್ಕಿದ್ದು ಅದೇ ಮೊದಲು.

ಊರಿಗೆ ಮರಳಿದಾಗ ಇನ್ನೊಂದು ಸುದ್ದಿ ಕಾದಿತ್ತು. ಜಿಲ್ಲೆಯಲ್ಲಿ ದುಡ್ಡಿಲ್ಲವೆಂದು ಆಸ್ಪತ್ರೆಗೆ ಹೋಗುವ ಮಧ್ಯಾಹ್ನದ ಬಸ್ಸು ನಿಲ್ಲಿಸಿದ್ದರು. ಮಾಲ್ಸುನ್ ಈ ಸಲ ಮೈಕು ಮುಟ್ಟಲಿಲ್ಲ. ಬುನ್ರೆ ಅಜ್ಜಿಯನ್ನು ಕೈಹಿಡಿದು ಕರೆದುಕೊಂಡು ಹೋಗಿ ಸೊಕ್‌ನ ಮೇಜಿನೆದುರು ಕೂತಳು. ಬಜೆಟ್ಟು, ನಿಯಮ ಎಂದು ಅವನು ಏನೇನೋ ಹೇಳಿದ. ಅಜ್ಜಿ ಎಲ್ಲ ಕೇಳಿಸಿಕೊಂಡು ಊರುಗೋಲು ನೆಲಕ್ಕೆ ಕುಟ್ಟಿದಳು.

"ಬಸ್ಸು ಬಿಡ್ತೀಯೋ ಇಲ್ವೋ ಹೇಳಪ್ಪಾ. ಇಲ್ಲಾಂದ್ರೆ ನಾನೂ ಬೇರೆ ಜಿಲ್ಲೆಗೆ ಹೋಗ್ತೀನಿ."

ಕಚೇರಿಯೆಲ್ಲ ಗೊಳ್ಳೆಂದಿತು. ಬಸ್ಸು ಮತ್ತೆ ಬಂತು, ಸಂತೆ ದಿನಗಳಲ್ಲಿ ಮಾತ್ರ.