ಕಾಲಿಪಕ್ಕನ ಭಾನುವಾರಗಳು

ಕಾರಾಕೋಲ್ ಊರಿನ ಪೇಟೆಯ ಹಿಂದೆ, ಒಂದು ಕಾಲಕ್ಕೆ ಬೂಟು ರಿಪೇರಿಯ ಅಂಗಡಿಯಾಗಿದ್ದ ಕೋಣೆಯನ್ನು ಬಾಡಿಗೆಗೆ ಹಿಡಿದು ಕಾಲಿಪಕ್ಕ ಚಿತ್ರಶಾಲೆ ತೆರೆದಾಗ ಊರವರು ನಕ್ಕಿದ್ದರು. ಅವಳು ಶಾಲೆಯಲ್ಲಿ ಡ್ರಾಯಿಂಗ್ ಟೀಚರ್ ಆಗಿದ್ದವಳು. ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ‘ಈ ವಯಸ್ಸಿನಲ್ಲಿ ಮನೆಯಲ್ಲಿ ಕಂಬಳಿ ಹೊಲಿಯೋದು ಬಿಟ್ಟು ಇದೇನು ಹುಚ್ಚು’ ಅಂತ ಅವಳ ನಾದಿನಿಯೇ ಆಡಿಕೊಂಡಳು. ಕಾಲಿಪಕ್ಕ ಗೋಡೆಗೆ ಸುಣ್ಣ ಹೊಡೆಸಿ, ಕಲ್ಲಿದ್ದಲ ಒಲೆ ಇಟ್ಟು, ಉತ್ತರದ ಕಿಟಕಿಯ ಗಾಜು ಉಜ್ಜಿ ಕೂತಳು. ಎಷ್ಟು ಸುಣ್ಣ ಹೊಡೆದರೂ ಹಳೇ ಚರ್ಮದ ವಾಸನೆ ಮಾತ್ರ ಹೋಗಲಿಲ್ಲ.

ವಾರದ ದಿನಗಳಲ್ಲಿ ಮಕ್ಕಳಿಗೆ ಪಾಠ. ಬೇಸಿಗೆಯಲ್ಲಿ ಪ್ರವಾಸಿಗರಿಗಾಗಿ ಊರ ಹತ್ತಿರದ ಇಸಿಕ್-ಕುಲ್ ಸರೋವರದ ಚಿತ್ರಗಳು. ಭಾನುವಾರ ಮಾತ್ರ ಬಾಗಿಲು ನಮ್ಮಂಥವರಿಗೆ ತೆರೆದಿರುತ್ತಿತ್ತು. ನಾನು ಅವಳ ಬೀದಿಯಲ್ಲೇ ಇದ್ದ ಬಡಗಿ, ಚೌಕಟ್ಟು ಮಾಡಿಕೊಡಲು ಹೋದವನು ಕುಂಚ ಹಿಡಿಯುವುದನ್ನೂ ಕಲಿತುಬಿಟ್ಟೆ. ಆಸ್ಪತ್ರೆಯ ನರ್ಸ್ ಒಬ್ಬಳು ಬರುತ್ತಿದ್ದಳು, ಒಬ್ಬ ಮುದಿ ರಷ್ಯನ್ ಗಡಿಯಾರ ರಿಪೇರಿಯವನು ಬರುತ್ತಿದ್ದ. ಎಲ್ಲರಿಗಿಂತ ಮೊದಲು ಬಂದು ಒಲೆಯ ಪಕ್ಕದ ಜಾಗ ಹಿಡಿಯುತ್ತಿದ್ದವನು ಮುಕಾಶಣ್ಣ.

ಮುಕಾಶಣ್ಣ ಸಾಂಸ್ಕೃತಿಕ ಭವನದಲ್ಲಿ ನಾಟಕದ ಪರದೆ ಬರೆಯುತ್ತಿದ್ದವನು. ಕಾಲಿಪಕ್ಕನ ಓರಗೆಯವನು. ಇಬ್ಬರಿಗೂ ಒಬ್ಬರನ್ನೊಬ್ಬರು ಹಂಗಿಸದೆ ಚಹಾ ಇಳಿಯುತ್ತಿರಲಿಲ್ಲ.

“ಏನೇ ಕಾಲಿಪಾ, ನಿನ್ನ ಸರೋವರಕ್ಕೆ ಹಾರಿಕೊಂಡ್ರೂ ಯಾರ ಪಾದಾನೂ ನೆನೆಯಲ್ಲ ಬಿಡು.”

“ನಿನ್ನ ಕುದುರೆ ನೋಡ್ಕೋ ಮೊದ್ಲು. ಕುರಿ ಅಂದ್ಕೊಂಡು ಯಾರಾದ್ರೂ ಕುಯ್ದು ಹಬ್ಬ ಮಾಡಿಯಾರು.”

ಹೀಗೆ ಬೈದಾಡಿಕೊಂಡೇ ಒಬ್ಬರ ಚಿತ್ರವನ್ನೊಬ್ಬರು ತಿದ್ದುತ್ತಿದ್ದರು. ಅವನು ಕಣ್ಣು ಕಿರಿದು ಮಾಡಿ ‘ನೆರಳು ಸಾಲದು’ ಅಂದರೆ ಅವಳು ಬಾಯಲ್ಲಿ ಜಗಳವಾಡುತ್ತಲೇ ನೆರಳು ಹಾಕುತ್ತಿದ್ದಳು.

ಆ ಚಳಿಗಾಲ ಮುಕಾಶಣ್ಣ ಹೆಂಡತಿಯ ಚಿತ್ರ ಶುರುಮಾಡಿದ್ದ. ಸೊನುನ್ ಅತ್ತಿಗೆ ಅಂಗಳದಲ್ಲಿ ಉಣ್ಣೆ ಹಿಂಜುತ್ತ ಕೂತಿರುವ ಚಿತ್ರ. ಮದುವೆಯಾದಾಗಿನಿಂದ ‘ನಿನ್ನನ್ನ ಬರೀತೀನಿ’ ಅಂತ ಹೇಳಿಕೊಂಡೇ ಬಂದಿದ್ದನಂತೆ. ಮೈ ಮುಗಿದಿತ್ತು, ಕೈ ಮುಗಿದಿತ್ತು, ಮುಖ ಬಾಕಿ. ಅಷ್ಟರಲ್ಲಿ ಒಂದು ಬೆಳಿಗ್ಗೆ ಹಿಮ ಗೋರುತ್ತಿದ್ದವನು ಸಲಿಕೆ ಸಮೇತ ಕುಸಿದುಬಿದ್ದ. ಲಕ್ವ. ಬಲಗೈ, ಬಲಗಾಲು ಎರಡೂ ಹೋದವು. ಮಾತು ಸ್ವಲ್ಪ ತೊದಲಿತೇ ಹೊರತು ಉಳಿಯಿತು.

ಆಸ್ಪತ್ರೆಯಿಂದ ಮನೆಗೆ ಕರೆತಂದ ಮೇಲೆ ಕಾಲಿಪಕ್ಕ ನನ್ನನ್ನೂ ಕರೆದುಕೊಂಡು ನೋಡಲು ಹೋದಳು. ಅವನು ಗೋಡೆಯ ಕಡೆ ಮುಖ ತಿರುಗಿಸಿದ.

“ಕುಂಟು ಕುದುರೆ ನೋಡೋಕೆ ಬಂದ್ರಾ? ನೋಡಾಯ್ತಲ್ಲ, ಹೊರಡಿ.”

“ನಿನ್ನ ಮುಖ ನೋಡೋಕೆ ಯಾರು ಬಂದ್ರು? ಸೊನುನ್ ಕೈಯ ಚಹಾ ಕುಡಿಯೋಕೆ ಬಂದೆ” ಅಂದಳು ಕಾಲಿಪಕ್ಕ. ಚಹಾ ಕುಡಿದು, ಅವನ ಬೆನ್ನಿಗೆ ಊರ ಸುದ್ದಿಯೆಲ್ಲ ಹೇಳಿ ಎದ್ದು ಬಂದಳು.

ಆಮೇಲೂ ಹೋಗುವುದನ್ನು ಬಿಡಲಿಲ್ಲ. ಎಡಗೈಗೆ ಇದ್ದಿಲ ಕಡ್ಡಿ ಕೊಟ್ಟು ನೋಡಿದಳು. ಅವನು ಒಂದು ಗೆರೆ ಎಳೆದ, ಅದು ನಡುಗಿ ಎಲ್ಲೆಲ್ಲೋ ಹೋಯಿತು. ಕಾಗದವನ್ನು ಹಲ್ಲಿನಿಂದ ಹರಿದು ಉಗಿದ. ಹಿಮ ಕರಗುವ ಹೊತ್ತಿಗೆ ಒಂದು ದಿನ ಅವನೇ ಮಾತು ತೆಗೆದ.

“ಕಾಲಿಪಾ, ಆ ಚಿತ್ರ ಹಾಗೇ ಇದ್ಯಾ?”

“ಇದೆ. ಧೂಳು ಕೂರದ ಹಾಗೆ ಬಟ್ಟೆ ಹೊದಿಸಿದ್ದೀನಿ.”

“ನಾನು ಹೇಳ್ತೀನಿ, ನೀನು ಬರಿ. ನಿನ್ನ ಬುದ್ಧಿ ಉಪಯೋಗಿಸಬೇಡ. ಕೈ ಮಾತ್ರ ಕೊಡು.”

ಶಾಲೆಯ ಹೆಡ್‌ಮಾಸ್ಟರಿಗೂ ಬಗ್ಗದೆ ಕೆಲಸ ಬಿಟ್ಟು ಬಂದವಳು, ‘ಆಗಲಿ’ ಅಂದಳು.

ಭಾನುವಾರ ಭಾನುವಾರ ನಾನು ನನ್ನ ಹಳೇ ಕಾರಿನಲ್ಲಿ ಅವನನ್ನು ಕೂರಿಸಿಕೊಂಡು ಬರುತ್ತಿದ್ದೆ. ಸೊನುನ್ ಅತ್ತಿಗೆಯೂ ಬಂದು ಕಿಟಕಿಯ ಬಳಿ ಕೂರುತ್ತಿದ್ದಳು. ಮುಕಾಶಣ್ಣ ಒಲೆಯ ಪಕ್ಕದಿಂದ ಗದರುತ್ತಿದ್ದ: “ಅಷ್ಟು ಬಿಳಿ ಯಾಕೆ? ಗೋಡೆಗೆ ಸುಣ್ಣ ಬಳೀತಿದ್ಯಾ? ಒರೆಸು!” ಅವಳು ಒರೆಸುತ್ತಿದ್ದಳು. “ಇನ್ನಷ್ಟು ಮಣ್ಣುಗೆಂಪು!” ಕಲಸುತ್ತಿದ್ದಳು. ನಮ್ಮ ಕೆಲಸ ಬಿಟ್ಟು ನಾವೆಲ್ಲ ಅದನ್ನೇ ನೋಡುತ್ತಿದ್ದೆವು. ಅವನ ಮುಖಕ್ಕೆ ಮತ್ತೆ ಕಳೆ ಬಂದಿತ್ತು.

ಮುಖ ಮುಗಿದ ದಿನ ಅವನು ಬಹಳ ಹೊತ್ತು ನೋಡಿದ.

“ಇದು ನನ್ನ ಹೆಂಡ್ತಿ ಅಲ್ಲ. ಯಾವಳೋ ಮುದುಕಿ. ಕಣ್ಣ ಕೆಳಗೆ ಆ ಕಪ್ಪು ನಾನು ಹೇಳಿರ್ಲಿಲ್ಲ.”

“ನೀನು ಹೇಳ್ಲಿಲ್ಲ, ನಾನು ನೋಡಿದೆ” ಅಂದಳು ಕಾಲಿಪಕ್ಕ. “ರಾತ್ರಿಯೆಲ್ಲ ನಿನ್ನನ್ನ ಹೊರಳಿಸಿ ಮಲಗಿಸ್ತಾಳಲ್ಲ, ಅವಳೇ ಇವಳು.”

ಸೊನುನ್ ಅತ್ತಿಗೆ ತಲೆವಸ್ತ್ರದ ಅಂಚಿನಿಂದ ಬಾಯಿ ಮುಚ್ಚಿಕೊಂಡಳು. ಮುಕಾಶಣ್ಣ ತಲೆ ತಗ್ಗಿಸಿದ. ಆಮೇಲೆ ತೊದಲುತ್ತ, “ಹಾಗೇ ಇರ್ಲಿ. ಅಳಿಸಬೇಡ” ಅಂದ.

ಬೇಸಿಗೆಯ ಮೊದಲಲ್ಲಿ ಸಾಂಸ್ಕೃತಿಕ ಭವನದಲ್ಲಿ ಊರ ಚಿತ್ರಕಾರರ ಪ್ರದರ್ಶನ ಇತ್ತು. ಕಾಲಿಪಕ್ಕ ಆ ಚಿತ್ರವನ್ನು ನಡುಗೋಡೆಗೆ ಹಾಕಿಸಿದಳು. ಅಡಿಯ ಚೀಟಿಯಲ್ಲಿ ಮುಕಾಶಣ್ಣನ ಹೆಸರು ಒಂದನ್ನೇ ಬರೆಸಿದಳು. ಅವನಿಗೆ ಸಂತೋಷವಾಗುತ್ತದೆ ಅಂದುಕೊಂಡಿದ್ದಳು. ನಾನು ಅವನನ್ನು ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಹೋಗಿ ಚಿತ್ರದ ಮುಂದೆ ನಿಲ್ಲಿಸಿದೆ. ಜನ ಬಂದು ‘ಭೇಷ್ ಮುಕಾಶ್, ಕೈ ಹೋದ್ರೂ ಕಲೆ ಹೋಗಲಿಲ್ಲ’ ಅನ್ನತೊಡಗಿದರು. ಅವನ ಮುಖ ಕೆಂಪೇರಿತು.

“ಯಾರು ಬರೆಸಿದ್ದು ಇದನ್ನ? ಕಾಲಿಪಾ! ನನಗೆ ಭಿಕ್ಷೆ ಹಾಕ್ತೀಯಾ? ನನ್ನ ಕೈ ಸತ್ತಿದೆ, ಮಾನ ಸತ್ತಿಲ್ಲ. ಇಳಿಸು ಅದನ್ನ!”

“ಮುಕಾಶ್, ಜನ ನೋಡ್ತಿದ್ದಾರೆ...”

“ನೋಡ್ಲಿ! ಆ ಮುಖ ಬರೆದೋಳು ನೀನು. ನನ್ನ ಹೆಸರಲ್ಲಿ ಸುಳ್ಳು ಹೇಳೋಕೆ ನಾನಿನ್ನೂ ಹೆಣ ಆಗಿಲ್ಲ ಕಣೇ.”

ಕಾಲಿಪಕ್ಕ ಎಲ್ಲರೆದುರು ಕುರ್ಚಿ ಹತ್ತಿ ಚಿತ್ರ ಇಳಿಸಿದಳು. ಅದನ್ನು ಬಗಲಲ್ಲಿಟ್ಟುಕೊಂಡು ಒಬ್ಬಳೇ ನಡೆದು ಹೋದಳು.

ಮರುದಿನವೇ ನಾನು ಸರೋವರದ ಆಚೆ ದಡಕ್ಕೆ, ವಿಹಾರಧಾಮವೊಂದರ ಮರಗೆಲಸಕ್ಕೆ ಹೊರಟೆ. ಬೇಸಿಗೆಯೆಲ್ಲ ಅಲ್ಲೇ ಕಳೆಯಿತು. ಊರಿನಿಂದ ಫೋನ್ ಬಂದದ್ದು ಪಾಪ್ಲರ್ ಮರಗಳ ಎಲೆ ಹಳದಿಯಾದಾಗ. ಮುಕಾಶಣ್ಣನಿಗೆ ಮತ್ತೊಮ್ಮೆ ಲಕ್ವ ಹೊಡೆದಿತ್ತು. ಈ ಸಲ ಉಳಿಯಲಿಲ್ಲ.

ನಾನು ತಲುಪುವಾಗ ಹೆಣ ಮಲಗಿಸಲು ಅಂಗಳದಲ್ಲಿ ಉಣ್ಣೆಯ ಗುಡಾರ ಎದ್ದಿತ್ತು. ಹೊರಗೆ ಗಂಡಸರು ಕೋಲು ಊರಿ ನಿಂತು ‘ಅಯ್ಯೋ ನನ್ನ ಅಣ್ಣಾ’ ಅಂತ ಗೋಳಾಡುತ್ತಿದ್ದರು. ಒಳಗೆ ಹೆಂಗಸರು ಗೋಡೆಗೆ ಮುಖ ಮಾಡಿ ಸತ್ತವನ ಗುಣ ಹಾಡಿ ಅಳುತ್ತಿದ್ದರು. ಅವರ ನಡುವೆ ಕಾಲಿಪಕ್ಕ ಒಬ್ಬಳು ಸುಮ್ಮನೆ ಕೂತಿದ್ದಳು.

ಮಣ್ಣು ಮಾಡಿ ಬಂದು ಊಟವಾದ ಮೇಲೆ ಸೊನುನ್ ಅತ್ತಿಗೆ ಅವಳ ಪಕ್ಕ ಬಂದು ಕೂತಳು.

“ಅಕ್ಕಾ, ಬೇಸಿಗೆಯೆಲ್ಲ ನೀವು ಯಾಕೆ ಬರ್ಲಿಲ್ಲ?”

ಕಾಲಿಪಕ್ಕ ಕೈಯಲ್ಲಿದ್ದ ಚಹಾ ಬಟ್ಟಲು ಕೆಳಗಿಟ್ಟಳು.

“ಭಾನುವಾರ ಬಂತು ಅಂದ್ರೆ ಇವರು ಬೆಳಿಗ್ಗೆನೇ ಗಡ್ಡ ಬೋಳಿಸು, ಬಿಳಿ ಅಂಗಿ ಹಾಕು ಅನ್ನೋರು. ಗೇಟಿನ ಹತ್ರ ಕುರ್ಚಿ ಹಾಕಿಸಿಕೊಂಡು ಮಧ್ಯಾಹ್ನದವರೆಗೂ ಕೂತಿರೋರು. ನಿಮಗೆ ಹೇಳಿ ಕಳಿಸ್ಲಾ ಅಂದ್ರೆ, ಬೇಡ, ಕರೆಸಿಕೊಂಡ್ರೆ ಅದು ಬಂದ ಹಾಗಲ್ಲ ಅನ್ನೋರು. ಬಿಸಿಲು ಏರಿದ್ಮೇಲೆ, ಒಳಗೆ ಕರ್ಕೊಂಡು ಹೋಗು ಅನ್ನೋರು. ಅಷ್ಟೇ, ಅಕ್ಕಾ.”

ಅವಳ ದನಿಯಲ್ಲಿ ಆಕ್ಷೇಪಣೆ ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿರುತ್ತಿತ್ತೇನೋ. ಕಾಲಿಪಕ್ಕ ಅವಳ ಕೈ ಹಿಡಿದುಕೊಂಡಳು, ಆಮೇಲೆ ಆ ಕೈಯ ಮೇಲೆಯೇ ಹಣೆ ಇಟ್ಟು ಅತ್ತಳು. ಅಂಥ ಅಳುವನ್ನು ನಾನು ಅವಳ ಗಂಡ ಸತ್ತಾಗಲೂ ಕೇಳಿರಲಿಲ್ಲ.

ಅವಳನ್ನು ಮನೆಗೆ ಬಿಡಲು ಹೋದಾಗ ಕಾರಿನಲ್ಲಿ ತಾನಾಗಿಯೇ ಹೇಳಿದಳು: “ಅವನೇ ಬರ್ಲಿ ಅಂತ ನಾನೂ ಕಾಯ್ತಾನೇ ಇದ್ದೆ ಕಣೋ. ಬಾಗಿಲು ತೆಗೆದಾಗೆಲ್ಲ ಅವನೇ ಅಂದ್ಕೋತಿದ್ದೆ. ಅವನಿಗೆ ಕಾಲಿಲ್ಲ ಅನ್ನೋದನ್ನೇ ನನ್ನ ಸಿಟ್ಟು ಮರೆಸಿಬಿಟ್ಟಿತ್ತು.”

ಚಿತ್ರವನ್ನು ಸೊನುನ್ ಅತ್ತಿಗೆಗೆ ಕೊಟ್ಟಳು. ಅದರ ಮೇಲೆ ಯಾರ ಹೆಸರೂ ಇಲ್ಲ. ಚಿತ್ರಶಾಲೆ ಈಗಲೂ ಇದೆ. ಮಕ್ಕಳು ಬರುತ್ತವೆ, ಪ್ರವಾಸಿಗರ ಸರೋವರಗಳೂ ಮಾರಾಟವಾಗುತ್ತವೆ. ಗಡಿಯಾರದ ಮುದುಕ ಮಗಳ ಜೊತೆ ರಷ್ಯಾಕ್ಕೆ ಹೋದ, ನರ್ಸಿಗೆ ಬೇರೆ ಊರಿಗೆ ವರ್ಗವಾಯಿತು. ಭಾನುವಾರ ನಾವಿಬ್ಬರೇ ಕೂರುತ್ತೇವೆ. ಹೊಸದಾಗಿ ಯಾರಾದರೂ ಬಂದು ತಮ್ಮ ಚಿತ್ರ ತೋರಿಸಿದರೆ ಕಾಲಿಪಕ್ಕ ‘ಚೆನ್ನಾಗಿದೆ’ ಅನ್ನುತ್ತಾಳೆ. ಯಾರನ್ನೂ ಹಂಗಿಸುವುದಿಲ್ಲ. ಅವರು ಸಂತೋಷದಿಂದ ಹೋಗುತ್ತಾರೆ, ಹೆಚ್ಚಿನವರು ಮತ್ತೆ ಬರುವುದಿಲ್ಲ.